ಐದಕ್ಕೇ ಮುಸ್ಸಂಜೆ

ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಾಗ ಗಂಟೆ ನಾಲ್ಕೂ ಐವತ್ತು.

"ಏಳೋ. ದೀಪ ಹಚ್ಚೋ ಹೊತ್ತಾಯ್ತು. ಮುಸ್ಸಂಜೇಲಿ ಮಲಗ್ತಾರಾ ಯಾರಾದ್ರೂ?"

ನಾನು ಮಲಗಿದ್ದು ಮೂರೂವರೆಗೆ. ರಜೆಗೆ ಬಂದವನು ಮಧ್ಯಾಹ್ನ ಊಟ ಮಾಡಿ ಒರಗಿದರೆ ತಪ್ಪೇನು? ಬೆಂಗಳೂರಿನಿಂದ ವಿಮಾನ ಹತ್ತಿ, ಆಮೇಲೆ ಎರಡು ಗಂಟೆ ಹಡಗಿನಲ್ಲಿ ಹೊಟ್ಟೆ ತೊಳಸಿಕೊಂಡು ಬಂದಿದ್ದೆ. ಬೈಯೋಣ ಅಂತ ಕಣ್ಣು ಬಿಟ್ಟೆ. ಹೊರಗೆ ತೆಂಗಿನ ಗರಿಗಳು ಆಗಲೇ ಕಪ್ಪಾಗುತ್ತಿದ್ದವು. ಅಮ್ಮ ಹೇಳಿದ್ದು ನಿಜವೇ.

ಇದು ಅಂಡಮಾನಿನ ಹ್ಯಾವ್‌ಲಾಕ್. 2018ರಲ್ಲಿ ಇದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಿದ್ದಾರೆ. ಟಿಕೆಟ್ಟಿನಲ್ಲಿ ಹೊಸ ಹೆಸರು, ಜನರ ಬಾಯಲ್ಲಿ ಹಳೇದು. ಕ್ರಿಸ್ಮಸ್ ರಜೆಗೆ ನಾಲ್ಕು ಜನ ಬಂದಿದ್ದೆವು: ನಾನು, ನನ್ನ ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಅಮ್ಮ. ಮಗಳ ಫೋನಿನಲ್ಲಿ ಒಂದು ಪಟ್ಟಿ ಇತ್ತು. ದ್ವೀಪದಲ್ಲಿ ಮಾಡಲೇಬೇಕಾದ 17 ಕೆಲಸ, ಗಂಟೆ ಸಮೇತ. ಆ ದಿನದ ನಾಲ್ಕನೇ ಐಟಂ "6:00, ಬೀಚಿನಲ್ಲಿ ಸೂರ್ಯಾಸ್ತ". ಸೂರ್ಯನಿಗೆ ಯಾರೂ ಹೇಳಿರಲಿಲ್ಲ. ಅವನು ಐದು ದಾಟುತ್ತಿದ್ದ ಹಾಗೆ ಮುಳುಗಿ ಹೋದ.

ಇಡೀ ದೇಶಕ್ಕೆ ಒಂದೇ ಗಡಿಯಾರ ಅಲ್ವಾ, ಅದು 82.5 ಡಿಗ್ರಿ ರೇಖಾಂಶದ ಗಡಿಯಾರ. ಬೆಂಗಳೂರು ಅದರಿಂದ ಪಶ್ಚಿಮಕ್ಕೆ 77.6ರಲ್ಲಿದೆ. ಈ ದ್ವೀಪ ಪೂರ್ವಕ್ಕೆ, ಹತ್ತಿರ ಹತ್ತಿರ 93ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅಪ್ಪಾ, ಹೆಚ್ಚು ಕಡಿಮೆ ಒಂದು ಗಂಟೆ." ಬೆಂಗಳೂರಿನ ಸೂರ್ಯನಿಗೂ ಇಲ್ಲಿನ ಸೂರ್ಯನಿಗೂ ಒಂದು ಗಂಟೆ ವ್ಯತ್ಯಾಸ. ಕೈಗಡಿಯಾರ ಮಾತ್ರ ಎರಡೂ ಕಡೆ ಒಂದೇ ಸಮಯ ತೋರಿಸುತ್ತದೆ. ಬೆಳಿಗ್ಗೆ ಆರಕ್ಕೆ ಮೊದಲೇ ಬಿಸಿಲು ಬಾಗಿಲಲ್ಲಿ ನಿಂತಿರುತ್ತದೆ. ನಾವು ಬೆಂಗಳೂರಿನವರು, ಎಂಟಕ್ಕೆ ಎದ್ದು ಒಂಬತ್ತಕ್ಕೆ ಇಡ್ಲಿ ಹುಡುಕುವವರು. ಅಷ್ಟರಲ್ಲಿ ದ್ವೀಪದ ದಿನದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಖರ್ಚಾಗಿರುತ್ತದೆ.

ಅಮ್ಮನಿಗೆ ಗಡಿಯಾರದ ಜೊತೆ ಜಗಳವಿಲ್ಲ. ಅವರ ಸಂಜೆ ಶುರುವಾಗುವುದು ಬೆಳಕು ನೋಡಿ. ಸಂಜೆ ಅಂದಮೇಲೆ ಅದರ ಕಾನೂನುಗಳೂ ಶುರು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಉಗುರು ತೆಗೆಯಬಾರದು, ತಲೆ ಬಾಚಬಾರದು, ಯಾರಿಗೂ ದುಡ್ಡು ಕೊಡಬಾರದು. ಬೆಂಗಳೂರಿನಲ್ಲಿ ಇವೆಲ್ಲ ಆರೂವರೆಯ ಮೇಲಿನ ಮಾತು. ಇಲ್ಲಿ ಐದಕ್ಕೇ ಜಾರಿಗೆ ಬಂದವು. ದೀಪ ಹಚ್ಚುವುದೇ ಕಷ್ಟವಾಯಿತು. ಬತ್ತಿ ತಂದಿದ್ದರು. ಬೆಂಕಿಪೊಟ್ಟಣ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಉಳಿದಿತ್ತು. ನಮ್ಮದು ಗರಿ ಹೊದಿಸಿದ ಗುಡಿಸಲು, ಬೆಂಕಿ ಹಚ್ಚುವ ಹಾಗೇ ಇಲ್ಲ ಅಂದ ರೂಮಿನ ಹುಡುಗ. ಕೊನೆಗೆ ಅಮ್ಮ ನನ್ನ ಫೋನಿನ ಟಾರ್ಚ್ ಹಾಕಿಸಿ ಕಿಟಕಿಯಲ್ಲಿ ಇಡಿಸಿದರು, ಕೈ ಮುಗಿದರು. "ಎಷ್ಟು ಹೊತ್ತು ಉರಿಯತ್ತೆ?" ಅಂತ ಕೇಳಿದರು. 18 ಪರ್ಸೆಂಟ್ ಇದೆ ಅಂದೆ.

ಆಮೇಲೆ ಎಳನೀರು ಕುಡಿಯಲು ರಸ್ತೆಗೆ ಹೋದೆವು. ಅಮ್ಮ ತಮ್ಮ ಸಣ್ಣ ಪರ್ಸು ಬಿಚ್ಚಿದರು, ನಿಂತರು. ದೀಪ ಹಚ್ಚಿಯಾಗಿದೆ, ದುಡ್ಡು ಕೊಡುವುದು ಹೇಗೆ? ಕೈಯಲ್ಲಿ ಹಳೆಯ ಕೆಂಪು ಇಪ್ಪತ್ತರ ನೋಟು. ಎಳನೀರಿನವನು ಅದನ್ನು ನೋಡಿ ನಕ್ಕ, ತಿರುಗಿಸಿ ಹಿಡಿಯಲು ಹೇಳಿದ. ನೋಟಿನ ಬೆನ್ನಿನಲ್ಲಿ ತೆಂಗಿನಮರ, ಸಮುದ್ರ, ದೂರದಲ್ಲೊಂದು ದೀಪಸ್ತಂಭ. ಅದು ಇಲ್ಲಿಯದೇ. ಪೋರ್ಟ್ ಬ್ಲೇರ್ ಎದುರಿನ ಮೌಂಟ್ ಹ್ಯಾರಿಯಟ್ ಮೇಲಿನಿಂದ ಕಾಣುವ ನಾರ್ತ್ ಬೇ. ಎಷ್ಟೋ ವರ್ಷ ತರಕಾರಿಯವನಿಗೆ, ಹೂವಿನವಳಿಗೆ ಅಂಡಮಾನನ್ನೇ ಎತ್ತಿ ಕೊಟ್ಟಿದ್ದೇವೆ. ಅಮ್ಮ ನೋಟನ್ನು ನಾಲ್ಕಾಗಿ ಮಡಚಿ ವಾಪಸ್ ಒಳಗಿಟ್ಟರು. ನಾನು ಫೋನಿನಲ್ಲಿ ದುಡ್ಡು ಕಳಿಸಿದೆ. 2020ರಲ್ಲಿ ಚೆನ್ನೈನಿಂದ ಸಮುದ್ರದ ತಳದಲ್ಲಿ ಕೇಬಲ್ ಎಳೆದ ಮೇಲೆ ಇಲ್ಲಿ ಅದೂ ನಡೆಯುತ್ತದೆ.

"ಫೋನಲ್ಲಿ ಕೊಟ್ರೆ ಲಕ್ಷ್ಮಿ ಹೋದ ಹಾಗಾಗಲ್ಲ ತಾನೇ?" ಅಂದರು ಅಮ್ಮ. ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಪಟ್ಟಿಯನ್ನು ಒಂದು ಗಂಟೆ ಹಿಂದಕ್ಕೆ ಎಳೆದೆವು. ಮೂರೂವರೆಗೇ ರಾಧಾನಗರ ಬೀಚಿಗೆ ಹೊರಟೆವು. ಇಲ್ಲಿ ಬೀಚುಗಳಿಗೆ ನಂಬರ್ ಇದೆ. ರಾಧಾನಗರ ಏಳನೇ ನಂಬರ್. ಆಟೋದವನಿಗೆ "ಸಾತ್ ನಂಬರ್" ಅಂದರೆ ಸಾಕು, ಬಸ್ ರೂಟಿನ ಹಾಗೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂದ ಮೇಲೆ ಎಲ್ಲರೂ ಬರುತ್ತಾರೆ, ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ. ಚೆನ್ನಾಗಿದೆಯಾ? ಚೆನ್ನಾಗಿದೆ. ಬೆನ್ನಿಗೆ ಆಳೆತ್ತರವಲ್ಲ, ಹತ್ತಾಳೆತ್ತರದ ಮರಗಳು, ಮುಂದೆ ಹಿಟ್ಟಿನಂಥ ಮರಳು. ಸೂರ್ಯ ಇಳಿದ ತಕ್ಷಣ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಎಬ್ಬಿಸಿದರು. ನನ್ನ ಹೆಂಡತಿ ಪೂರ್ತಿ ಹೊತ್ತು ಸುಮ್ಮನೆ ಕೂತಿದ್ದಳು. ಅವಳ ತವರು ಕುಮಟಾ ಹತ್ತಿರ. "ನಮ್ಮನೆ ಹಿಂದೆ ಇರೋದೂ ಸಮುದ್ರಾನೇರೀ. ಅದನ್ನ ನೋಡೋಕೆ ಯಾವಾಗ ಇಷ್ಟು ದುಡ್ಡು ಹಾಕಿದ್ರಿ?" ಅಂದಳು.

ಸ್ಕೂಬಾ ನಾನೂ ಮಗಳೂ ಮಾಡಿದೆವು. ಪಟ್ಟಿಯಲ್ಲಿ ಅದು ಕೊನೇ ದಿನಕ್ಕಿತ್ತು. ನೀರಿನಡಿ ಹೋದವರು ಮಾರನೇ ದಿನದವರೆಗೆ, 18 ಗಂಟೆಯಾದರೂ, ವಿಮಾನ ಹತ್ತಬಾರದು ಅಂತ ಅಲ್ಲಿನವರು ಹೇಳಿದ ಮೇಲೆ ಮುಂದಕ್ಕೆ ತಂದೆವು. ಮೊದಲು ಮೊಣಕಾಲುದ್ದ ನೀರಿನಲ್ಲಿ ಪಾಠ. ಮೂಗು ಒತ್ತಿ ಕಿವಿಯ ಬಿಗಿ ಬಿಡಿಸಿಕೊಳ್ಳುವುದು, ಬಾಯಲ್ಲೇ ಉಸಿರಾಡುವುದು, ಕೈಸನ್ನೆ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ "ಸರಿ ಇದೆ". ಹೆಬ್ಬೆರಳು ಎತ್ತಿದರೆ "ಮೇಲಕ್ಕೆ ಹೋಗೋಣ". ತಲೆ ಆಡಿಸಿದೆ. ಕಲಿಸುವವನು ಬೆಕ್ಕು ಮರಿ ಹಿಡಿದ ಹಾಗೆ ನನ್ನನ್ನು ಬೆನ್ನ ಹಿಂದಿನಿಂದ ಹಿಡಿದು ಕೆಳಗೆ ಇಳಿಸಿದ. ಕುಚ್ಚಿನಂಥ ಒಂದು ಜೀವಿಯ ಎಳೆಗಳ ಮಧ್ಯೆ ಕಿತ್ತಳೆ ಬಣ್ಣದ ಮೀನು ಮನೆ ಬಾಗಿಲಲ್ಲಿ ನಿಂತು ನಮ್ಮನ್ನೇ ದುರುಗುಟ್ಟುತ್ತಿತ್ತು. ಅಷ್ಟು ಖುಷಿಯಾಯಿತು, ಹೆಬ್ಬೆರಳು ಎತ್ತಿದೆ. ಅವನು ನನ್ನನ್ನು ಮೇಲಕ್ಕೆ ತಂದ. "ಕ್ಯಾ ಹುವಾ?" ಏನಿಲ್ಲ, ಬಹಳ ಚೆನ್ನಾಗಿದೆ ಅಂದೆ. ಮತ್ತೆ ಇಳಿದೆವು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದೆ. ಮೂರನೇ ಸಲ ನನ್ನ ಬಲಗೈಯನ್ನು ಅವನೇ ಹಿಡಿದುಕೊಂಡ. ಹೆಂಡತಿ ಕೇಳಿ ನಕ್ಕಳು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿದ್ದರೆ ಇದೇ ಕಥೆ ಅಲ್ಲೇ ಆಗುತ್ತಿತ್ತು, ರಾತ್ರಿ ಊಟಕ್ಕೆ ಅವಳ ತವರಿಗೂ ಮುಟ್ಟುತ್ತಿದ್ದೆವು ಅನ್ನುವುದು ಅವಳ ವಾದ.

ಅಲ್ಲಿಂದ ನೀಲ್ ದ್ವೀಪಕ್ಕೆ. ಹೊಸ ಹೆಸರು ಶಹೀದ್ ದ್ವೀಪ. ಇಲ್ಲಿ ಇರುವವರು ಹೆಚ್ಚಾಗಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು. ಊರುಗಳ ಹೆಸರು ಸೀತಾಪುರ, ರಾಮನಗರ, ಲಕ್ಷ್ಮಣಪುರ, ಭರತಪುರ. ಅಮ್ಮನಿಗೆ ಒಮ್ಮೆಲೇ ನೆಂಟರ ಊರಿಗೆ ಬಂದ ಹಾಗಾಯಿತು. ಅದರ ಮೇಲೆ ಅಂಡಮಾನಿಗೆಲ್ಲ ತರಕಾರಿ ಬೆಳೆಯುವ ದ್ವೀಪ ಇದು. ಸಂತೆಯಲ್ಲಿ ಬದನೆಕಾಯಿ ನೋಡಿ ಅಮ್ಮ ಕನ್ನಡದಲ್ಲೇ ಚೌಕಾಸಿ ಮಾಡಿದರು, ಆ ಹೆಂಗಸು ಬಂಗಾಳಿಯಲ್ಲೇ ಒಪ್ಪಲಿಲ್ಲ.

ಪಟ್ಟಿಯ ಪ್ರಕಾರ ಒಂಬತ್ತಕ್ಕೆ ಭರತಪುರದಲ್ಲಿ ಗಾಜಿನ ತಳದ ದೋಣಿ, ಹತ್ತೂವರೆಗೆ ಲಕ್ಷ್ಮಣಪುರದಲ್ಲಿ ಕಲ್ಲಿನ ಸೇತುವೆ. ಒಂಬತ್ತಕ್ಕೆ ಹೋಗಿ ನೋಡಿದರೆ ಸಮುದ್ರವೇ ಇಲ್ಲ. ನೀರು ದೂರಕ್ಕೆ ಸರಿದು, ದೋಣಿಗಳು ಮಗ್ಗುಲಾಗಿ ಮಲಗಿದ್ದವು. ದೋಣಿಯವನು ಕೂತು ಬೀಡಿ ಸೇದುತ್ತಿದ್ದ. ನೀರು ಬಂದ ಮೇಲೆ ಬನ್ನಿ ಅಂದ.

"ಇವತ್ತು ತಿಥಿ ಏನು ಅತ್ತೆ?" ಹೆಂಡತಿ ಕೇಳಿದಳು.

"ಅಷ್ಟಮಿ. ಅದಕ್ಕೇ ಹೇಳಿದ್ದು, ಅಷ್ಟಮಿ ನವಮಿ ಓಡಾಟ ಬೇಡ ಅಂತ."

ಹೆಂಡತಿ ಮನಸ್ಸಿನಲ್ಲೇ ಏನೋ ಕೂಡಿಸಿದಳು. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜೋರು. ಅಷ್ಟಮಿಗೆ ಅದೇ ಸಪ್ಪೆ, ಇಲ್ಲದಿದ್ದರೆ ನೀರು ಇನ್ನೂ ದೂರ ಹೋಗುತ್ತಿತ್ತಂತೆ. ಇಳಿದದ್ದು ಏರಲು ಆರು ಗಂಟೆ ಬೇಕು. ನಾಳೆ ಇದೇ ಇಳಿತ ಐವತ್ತು ನಿಮಿಷ ತಡವಾಗಿ ಬರುತ್ತದೆ. ಅವಳ ಊರಿನಲ್ಲಿ ಏರುವ ನೀರಿಗೆ ಭರತ ಅನ್ನುತ್ತಾರೆ. "ಭರತಪುರದಲ್ಲಿ ಭರತ ಇಲ್ಲ" ಅಂತ ಅವಳೇ ಹೇಳಿ ಅವಳೇ ನಕ್ಕಳು. ಏಳು ದಿನದಲ್ಲಿ ಮೊದಲ ಸಲ ಅವಳಿಗೆ ದುಡ್ಡು ವಸೂಲಾದ ಹಾಗೆ ಕಂಡಿತು.

ಮಗಳು ಎರಡು ಐಟಂ ಅದಲು ಬದಲು ಮಾಡಿದಳು. ದೋಣಿಗೆ ಭರತ ಬೇಕು, ಕಲ್ಲಿನ ಸೇತುವೆಗೆ ಇಳಿತವೇ ಬೇಕು. ಸೇತುವೆ ಅಂದರೆ ಅಲೆ ಕೊರೆದ ಬಂಡೆಯ ಕಮಾನು. ಇಲ್ಲಿಯ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಜ್ ಅನ್ನುತ್ತಿದ್ದರಂತೆ. ಸೇತುವೆಗಿಂತ ದಾರಿಯೇ ನನಗೆ ಇಷ್ಟವಾಯಿತು. ಇಳಿದ ನೀರು ಬಂಡೆಯ ಗುಂಡಿಗಳಲ್ಲಿ ಅಲ್ಲಲ್ಲಿ ಉಳಿದಿರುತ್ತದೆ. ಒಂದು ಗುಂಡಿಯಲ್ಲಿ ಮಂಗಳೂರು ಸೌತೆ ಮರೆತು ಬಿಟ್ಟು ಹೋದ ಹಾಗೆ ಏನೋ ಬಿದ್ದಿತ್ತು. ಜೀವ ಇದೆ ಅಂದ ದಾರಿ ತೋರಿಸುವವನು. ಇನ್ನೊಂದರಲ್ಲಿ ಕಲ್ಲಿಗೆ ಹೂತುಕೊಂಡ ದೊಡ್ಡ ಕಪ್ಪೆಚಿಪ್ಪು. ಬಾಯಿ ತೆರೆದಿತ್ತು. ಅಂಚಿಗೆಲ್ಲ ನೀಲಿ ರೇಷ್ಮೆಯ ನೆರಿಗೆ. ಅಮ್ಮ ಬಗ್ಗಿದರು. ಅವರ ನೆರಳು ನೀರಿನ ಮೇಲೆ ಬಿತ್ತು, ಚಿಪ್ಪು ಮುಚ್ಚಿಕೊಂಡಿತು. ಹಿಂದೆ ಸರಿದರು, ಸ್ವಲ್ಪ ಹೊತ್ತಿಗೆ ತೆರೆಯಿತು. ಮತ್ತೆ ಬಗ್ಗಿದರು, ಮತ್ತೆ ಮುಚ್ಚಿತು. "ಮುಟ್ಟಿದರೆ ಮುನಿ ನೋಡಿದ್ದೆ. ಇದು ಮುಟ್ಟದೇನೇ ಮುನೀತು" ಅಂದರು. ಬಿಸಿಲಲ್ಲಿ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದರು. ಪಟ್ಟಿಯಲ್ಲಿ ಇದು ಇರಲಿಲ್ಲ.

ಐದಕ್ಕೆ ಕತ್ತಲಾದ ಮೇಲೆ ಊಟದವರೆಗೆ ಏನು ಮಾಡುವುದು ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ಮೂರು ಗಂಟೆ. ಬೆಂಗಳೂರಿನಲ್ಲಿ ಆ ಹೊತ್ತು ಸಿಗ್ನಲ್‌ನಲ್ಲೇ ಕಳೆಯುತ್ತದೆ, ಇಲ್ಲಿ ಕೈಗೆ ಬಂದುಬಿಟ್ಟಿತ್ತು. ಮೊದಲ ದಿನ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಫೋನ್ ಹಿಡಿದು ಕೂತೆವು. ನೀಲ್‌ನಲ್ಲಿ ಅಮ್ಮ ಸೊಳ್ಳೆ ಹೊಡೆಯುತ್ತಾ ಹೊರಗೆ ಬಂದು, ದೀಪದ ಕೆಳಗೆ ಮರಳಿನಲ್ಲಿ ಬೆರಳಿನಿಂದ ಐದಕ್ಕೈದು ಮನೆ ಎಳೆದರು. ಚೌಕಾಬಾರ. ಬೆಳಿಗ್ಗೆ ದಡದಲ್ಲಿ ಸಿಕ್ಕ ನಾಲ್ಕು ಕವಡೆ ಸೆರಗಿನ ತುದಿಯಲ್ಲಿದ್ದವು. ಕಾಯಿಗೆ ನನಗೆ ಎಲೆ ಚೂರು, ಹೆಂಡತಿಗೆ ಕಡ್ಡಿ, ಅಮ್ಮನಿಗೆ ಕಲ್ಲು. ಮಗಳಿಗೆ ಮಾತ್ರ ಗುಂಡಗಿನ ಪುಟಾಣಿ ಶಂಖಗಳು.

ಆಟ ಬಿಸಿಯಾಗಿತ್ತು. ಅಮ್ಮ ಬಾರ ಹಾಕಿ ನನ್ನ ಕಾಯಿ ಕಡಿದರು. ಕವಡೆ ಹೆಂಡತಿಯ ಕೈಯಲ್ಲಿತ್ತು. ಅಷ್ಟರಲ್ಲಿ ಮಗಳ ಕಾಯಿ ಒಂದು ಮನೆ ಮುಂದೆ ಹೋಯಿತು.

"ಏಯ್, ನಿನ್ನ ಸರದಿ ಅಲ್ಲ."

"ನಾನು ಮುಟ್ಟೇ ಇಲ್ಲ ಅಜ್ಜಿ!"

ಕಾಯಿ ಇನ್ನೊಂದು ಮನೆ ನಡೆಯಿತು. ಕಟ್ಟೆಯನ್ನು ಅಡ್ಡಲಾಗಿ ದಾಟಿತು. ಶಂಖದಡಿ ಸಣ್ಣ ಕೆಂಪು ಕಾಲುಗಳು. ಏಡಿ! ಖಾಲಿ ಚಿಪ್ಪು ಹುಡುಕಿ ಒಳಗೆ ಸೇರಿಕೊಳ್ಳುವ ಜಾತಿ. ದೊಡ್ಡದಾದ ಹಾಗೆ ಮನೆ ಬದಲಾಯಿಸುತ್ತದೆ, ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಅದು ಅಮ್ಮನ ಕಲ್ಲನ್ನು ಪಕ್ಕಕ್ಕೆ ನೂಕಿ, ಆಟದಿಂದ ಆಚೆ ಇಳಿದು ಕತ್ತಲಿಗೆ ಹೋಯಿತು. ಕಾಯಿ ಹಣ್ಣಾಯಿತೋ ಇಲ್ಲವೋ ಅಂತ ರಾತ್ರಿ ಊಟದವರೆಗೆ ವಾದ ನಡೆಯಿತು.

ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ ಅನ್ನಬೇಕು, 2024ರಿಂದ. ಸೆಲ್ಯುಲರ್ ಜೈಲಿನ ಬಗ್ಗೆ ಇಲ್ಲಿ ಜಾಸ್ತಿ ಬರೆಯಲು ಮನಸ್ಸಿಲ್ಲ. ಏಳು ಸಾಲು ಕಟ್ಟಿದ್ದರಲ್ಲಿ ಮೂರು ಉಳಿದಿವೆ. ಅಮ್ಮ ಒಂದು ಕೋಣೆಯೊಳಗೆ ಹೋಗಿ, ಕೈಗೆಟುಕದ ಎತ್ತರದಲ್ಲಿದ್ದ ಗಾಳಿಕಂಡಿಯನ್ನು ನೋಡಿದರು. "ಇಲ್ಲಿದ್ದೋರಿಗೆ ಸಂಜೆ ಆಗಿದ್ದು ಗೊತ್ತಾಗ್ತಿತ್ತಾ?" ಅಂದರು.

ದಡದಲ್ಲಿ ಸಿಕ್ಕ ಚಿಪ್ಪು, ಹವಳ ಯಾವುದನ್ನೂ ದ್ವೀಪದಿಂದ ಆಚೆ ಒಯ್ಯುವ ಹಾಗಿಲ್ಲ, ಸತ್ತದ್ದನ್ನೂ ಕೂಡ. ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಅಮ್ಮ ನೀಲ್ ಬಿಡುವ ದಿನವೇ ಕವಡೆ, ಶಂಖ ಎಲ್ಲವನ್ನೂ ಸಿಕ್ಕಿದ ಕಡೆಯಲ್ಲೇ ಇಟ್ಟು ಬಂದಿದ್ದರು. ಒಳಗೆ ಯಾರಾದರೂ ಬಾಡಿಗೆಗಿದ್ದರೆ ಪಾಪ ಅಂತ. 17ರಲ್ಲಿ ಒಂಬತ್ತು ಆಗಿತ್ತು.

ಬೆಂಗಳೂರಿಗೆ ಬಂದ ಮಾರನೇ ದಿನ. ಐದು ಗಂಟೆಗೆ ಅಮ್ಮ ಅಭ್ಯಾಸಬಲದಿಂದ ಎದ್ದು, ಕೈಕಾಲು ತೊಳೆದು, ಬೆಂಕಿಪೊಟ್ಟಣ ಹಿಡಿದು ದೇವರ ಮುಂದೆ ನಿಂತರು. ಕಿಟಕಿಯಾಚೆ ಬಿಸಿಲು ಇನ್ನೂ ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಹೊಳೆಯುತ್ತಿತ್ತು. ಹೊರಗೆ ನೋಡಿದರು, ಬೆಂಕಿಪೊಟ್ಟಣ ಕೆಳಗಿಟ್ಟರು.

"ಇನ್ನೂ ಒಂದು ಗಂಟೆ ಇದ್ಯಲ್ಲೇ. ಈಗೇನು ಮಾಡೋದು?" ಅಂದರು ಮೊಮ್ಮಗಳಿಗೆ.

ಅವಳು ಫೋನ್ ಕೆಳಗಿಟ್ಟು, ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ನಾಲ್ಕು ಹುಣಸೆಬೀಜ ಆರಿಸಿ ತಂದಳು. ಇಬ್ಬರೂ ಬಾಲ್ಕನಿಯ ನೆಲಕ್ಕೆ ಕೂತು ಬೀಜದ ಒಂದು ಬದಿಯನ್ನು ತಿಕ್ಕತೊಡಗಿದರು.