ನೆಲ ಯಾರ ಕೈಯಲ್ಲಿದೆ?

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ನಗರದ ಹಳೆಯ ವಸತಿ ಸಮುಚ್ಚಯಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳ ಒಂದು ಸಾಲು ಕಾಣುತ್ತದೆ: ಈ ಕಟ್ಟಡವನ್ನು ವಿಯೆನ್ನಾ ಪಾಲಿಕೆಯು ವಸತಿ ತೆರಿಗೆಯ ಹಣದಿಂದ ಇಂಥ ವರ್ಷ ಕಟ್ಟಿಸಿತು. ಆ ಸಾಲಿನಲ್ಲಿ ಯಾರ ಕೃಪೆಯ ಮಾತೂ ಇಲ್ಲ, ದುಡ್ಡು ಎಲ್ಲಿಂದ ಬಂತು ಎಂಬ ಲೆಕ್ಕ ಮಾತ್ರ ಇದೆ. ಬಡವರಿಗೆ ಮನೆ ಎಂಬ ಮಾತು ಎಲ್ಲಿ ಕೇಳಿದರೂ ನನಗೆ ಆ ಗೋಡೆ ನೆನಪಾಗುತ್ತದೆ.

ನೂರು ವರ್ಷಗಳ ಹಿಂದಿನ ವಿಯೆನ್ನಾದ ಕಾರ್ಮಿಕರ ವಠಾರಗಳ ಸ್ಥಿತಿ ಓದಿದರೆ ಹೊಟ್ಟೆ ಕಲಕುತ್ತದೆ. ಮಹಡಿಯ ಮನೆಗಳಿಗೆಲ್ಲ ಸೇರಿ ಕಾರಿಡಾರಿನಲ್ಲಿ ಒಂದೇ ನಲ್ಲಿ, ಶೌಚಾಲಯವೂ ಹಂಚಿಕೆಯದು. ಬಾಡಿಗೆ ಹೊಂದಿಸಲಾಗದೆ ಕುಟುಂಬಗಳು ಹಾಸಿಗೆಯನ್ನೇ ಗಂಟೆಗಳ ಲೆಕ್ಕದಲ್ಲಿ ಪರರಿಗೆ ಬಾಡಿಗೆಗೆ ಕೊಡುತ್ತಿದ್ದವು. ರಾತ್ರಿ ಪಾಳಿ ಮುಗಿಸಿದವನು ಹಗಲಲ್ಲಿ ಬಂದು ಮಲಗಿ ಹೋಗುತ್ತಿದ್ದ. ಕ್ಷಯರೋಗಕ್ಕೆ ‘ವಿಯೆನ್ನಾ ಕಾಯಿಲೆ’ ಎಂಬ ಹೆಸರೇ ಬಿದ್ದಿತ್ತು. 1919ರಲ್ಲಿ ಎಡಪಂಥೀಯ ಪಕ್ಷದವರಾದ ಸೋಷಿಯಲ್ ಡೆಮಾಕ್ರಟರು ಪಾಲಿಕೆಯ ಅಧಿಕಾರಕ್ಕೆ ಬಂದರು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೋ ಬ್ರೈಟ್ನರ್ 1923ರಲ್ಲಿ ವಸತಿ ತೆರಿಗೆ ತಂದರು. ಸಣ್ಣ ಮನೆಗೆ ಅಲ್ಪ ತೆರಿಗೆ, ಬಂಗಲೆಗೆ ಅದರ ಹಲವು ಪಟ್ಟು. 1934ರ ವೇಳೆಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದು ನಿಂತಿದ್ದವು.

ತೆರಿಗೆಯ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನೆಲದ ಕಥೆ. ಮೊದಲ ಮಹಾಯುದ್ಧದ ಕಾಲದ ಕಾನೂನು ಬಾಡಿಗೆ ಏರದಂತೆ ತಡೆದಿತ್ತು, ಹಣದುಬ್ಬರ ಆ ಬಾಡಿಗೆಯ ಬೆಲೆಯನ್ನೇ ಕರಗಿಸಿತ್ತು. ಲಾಭ ಕಾಣದೆ ಖಾಸಗಿಯವರು ಕಟ್ಟುವುದನ್ನು ನಿಲ್ಲಿಸಿದರು, ಜಮೀನಿನ ಬೆಲೆ ಕುಸಿಯಿತು. ಪಾಲಿಕೆ ಆಗ ಕೊಳ್ಳಲು ಶುರುಮಾಡಿತು, ಕೊಳ್ಳುತ್ತಲೇ ಹೋಯಿತು. ಕೊಂಡ ನೆಲ ಕೈಯಲ್ಲಿದ್ದುದರಿಂದಲೇ ಮನೆಗಳ ನಡುವೆ ಉಸಿರಾಡುವ ಜಾಗ ಬಿಡಲು ಸಾಧ್ಯವಾಯಿತು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಸಮುಚ್ಚಯ ಒಂದು ಕಿಲೋಮೀಟರಿಗೂ ಉದ್ದವಿದೆ. ಅದರಲ್ಲಿ 1,382 ಮನೆಗಳಿದ್ದವು. ಆದರೆ ಕಟ್ಟಡ ನಿಂತಿರುವುದು ಆ ಜಾಗದ ಐದನೇ ಒಂದು ಭಾಗದಷ್ಟರಲ್ಲಿ, ಉಳಿದದ್ದೆಲ್ಲ ಅಂಗಳ, ತೋಟ, ಆಟದ ಬಯಲು. ಬಟ್ಟೆ ಒಗೆಯುವ ಕೇಂದ್ರ, ಶಿಶುವಿಹಾರ, ಗ್ರಂಥಾಲಯಗಳೂ ಒಳಗೇ ಇದ್ದವು. ಬಡವರ ಮನೆ ಎಂದರೆ ಇಕ್ಕಟ್ಟು ಎಂದು ಯಾರು ತೀರ್ಮಾನಿಸಿದರು?

ಈಗ ನನ್ನದೇ ಮನೆಯ ಮಾತು. ನಾನು ಚಿಕ್ಕವಳಿದ್ದಾಗ ನಮಗೆ ಸರ್ಕಾರಿ ವಸತಿ ಯೋಜನೆಯಲ್ಲಿ ಎರಡು ಕೋಣೆಯ ಮನೆಯೊಂದು ಸಿಕ್ಕಿತು. ಚೀಟಿ ಎತ್ತಿದ ದಿನ ಅಪ್ಪ ಮಾತೇ ಆಡಲಿಲ್ಲ, ಅಮ್ಮ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡಿದರು. ಪ್ರತಿ ವರ್ಷ ಗಂಟುಮೂಟೆ ಕಟ್ಟುತ್ತಿದ್ದ ನಾವು ಒಂದೇ ಶಾಲೆಯಲ್ಲಿ ಓದಿ ಮುಗಿಸಿದ್ದು ಆ ಮನೆಯಿಂದ. ನಿರ್ಬಂಧದ ಅವಧಿ ಮುಗಿದ ಮೇಲೆ ಅದನ್ನು ಮಾರಿದೆವು. ಕೊಂಡ ಬೆಲೆಗೂ ಮಾರಿದ ಬೆಲೆಗೂ ಹೋಲಿಕೆಯೇ ಇರಲಿಲ್ಲ. ಅಣ್ಣನ ಓದು, ಅಪ್ಪನ ಚಿಕಿತ್ಸೆ ಎರಡೂ ಅದರಿಂದಲೇ ನಡೆದವು. ನಾವು ಕಾನೂನು ಮೀರಲಿಲ್ಲ, ಅದಕ್ಕಾಗಿ ನನಗೆ ನಾಚಿಕೆಯೂ ಇಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ಹೋಗುವಾಗ ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಎಂಬ ಫಲಕ ಕಂಡಿತು. ವಿಚಾರಿಸಿದೆ. ಅಂದಿನ ಅಪ್ಪನಂಥ ಗುಮಾಸ್ತರೊಬ್ಬರು ಇಂದು ಆ ಬಾಡಿಗೆ ಕಟ್ಟಿದರೆ ಅಡುಗೆಮನೆಗೆ ಏನೂ ಉಳಿಯುವುದಿಲ್ಲ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಮನೆ ಒಂದೇ ಒಂದು ಕುಟುಂಬವನ್ನು ದಡ ಸೇರಿಸಿ ಮಾರುಕಟ್ಟೆಯ ಪಾಲಾಗಿತ್ತು.

ನಮ್ಮ ಕುಟುಂಬಕ್ಕೆ ಆದದ್ದು ಬ್ರಿಟನ್ನಿನಲ್ಲಿ ಇಡೀ ದೇಶದ ಮಟ್ಟದಲ್ಲಿ ಆಗಿದೆ. ಸ್ಥಳೀಯ ಆಡಳಿತಗಳು ದಶಕಗಟ್ಟಲೆ ಶ್ರಮಪಟ್ಟು ಕಟ್ಟಿದ್ದ ಮನೆಗಳನ್ನು ಬಾಡಿಗೆದಾರರು ರಿಯಾಯಿತಿ ದರದಲ್ಲಿ ಕೊಳ್ಳಬಹುದು ಎಂದು 1980ರ ವಸತಿ ಕಾಯ್ದೆ ಹೇಳಿತು. ಇಂಗ್ಲೆಂಡ್ ಒಂದರಲ್ಲೇ ಸುಮಾರು ಇಪ್ಪತ್ತು ಲಕ್ಷ ಮನೆಗಳು ಹೀಗೆ ಕೈಬಿಟ್ಟವು. ಕೊಂಡ ಕುಟುಂಬಗಳ ಸಂತೋಷ ನನಗೆ ಅರ್ಥವಾಗುತ್ತದೆ, ಅದು ನಮ್ಮ ಸಂತೋಷವೇ. ಆದರೆ ಹೋದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಮಾರಿದ ಮನೆಗಳಲ್ಲಿ ಅನೇಕವು ಇಂದು ಖಾಸಗಿ ಮಾಲೀಕರ ಬಾಡಿಗೆ ಮನೆಗಳಾಗಿವೆ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟವನ್ನೇ ನಿಲ್ಲಿಸಿದವು.

ವಿಯೆನ್ನಾ ಮಾರಲಿಲ್ಲ. ಇಂದಿಗೂ ಸುಮಾರು 2,20,000 ಮನೆಗಳು ಪಾಲಿಕೆಯ ಹೆಸರಿನಲ್ಲಿವೆ. ಮಿತ ಲಾಭದ ವಸತಿ ಸಂಘಗಳ ಮನೆಗಳನ್ನೂ ಸೇರಿಸಿದರೆ ಊರಿನ ಅರ್ಧದಷ್ಟು ಜನರ ವಾಸ ಇಂಥವುಗಳಲ್ಲೇ. ಜಮೀನು ಕೊಂಡಿಡುವುದಕ್ಕೆಂದು 1984ರಲ್ಲಿ ಪ್ರತ್ಯೇಕ ನಿಧಿಯೊಂದನ್ನೇ ಸ್ಥಾಪಿಸಲಾಯಿತು. ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಪಾಲಿಕೆಯ ಮನೆಗೆ ಕಾಯಬೇಕು. ಊರಿಗೆ ಹೊಸದಾಗಿ ಬಂದವರಿಗೆ ಅರ್ಜಿ ಹಾಕುವ ಅರ್ಹತೆಯೇ ತಕ್ಷಣ ಸಿಗುವುದಿಲ್ಲ, ಅಲೆಮಾರಿ ಕೂಲಿಗಳ ಮಕ್ಕಳಿಗೆ ಇದು ದೊಡ್ಡ ಅನ್ಯಾಯ.

ಇನ್ನೊಂದು ಆಕ್ಷೇಪವಿದೆ. ಒಮ್ಮೆ ಮನೆ ಸಿಕ್ಕವರು ಆದಾಯ ಹೆಚ್ಚಿದರೂ ಅದನ್ನು ಬಿಟ್ಟು ಹೋಗಬೇಕಿಲ್ಲ, ಇದು ಬಡವರ ಪಾಲು ಕಸಿದಂತಲ್ಲವೇ? ಮೊದಲು ನಾನೂ ಹೀಗೆಯೇ ವಾದಿಸುತ್ತಿದ್ದೆ, ಈಗ ಇಲ್ಲ. ಸಂಬಳ ಏರಿದ ಕೂಡಲೇ ಹೊರದಬ್ಬಿದರೆ ಉಳಿಯುವುದು ಗತಿಯಿಲ್ಲದವರ ಕೇರಿ ಮಾತ್ರ. ಅಂಥ ಕೇರಿಯ ಒಡೆದ ಚರಂಡಿಗಾಗಿ ಕಚೇರಿಗೆ ಹೋಗಿ ಜಗಳವಾಡುವವರು ಯಾರು? ಶಿಕ್ಷಕಿಯೂ ಬಸ್ ಚಾಲಕನೂ ಪೌರಕಾರ್ಮಿಕಳೂ ಒಂದೇ ಮೆಟ್ಟಿಲು ಹತ್ತುವ ಕಟ್ಟಡವನ್ನು ಯಾವ ಪಾಲಿಕೆಯೂ ಸುಲಭವಾಗಿ ನಿರ್ಲಕ್ಷಿಸಲಾರದು.

ಆದ್ದರಿಂದ ಯಾವ ನಗರ ಎಷ್ಟು ಸಾವಿರ ಮನೆ ಘೋಷಿಸಿದರೂ ನಾನು ಮೊದಲು ಹುಡುಕುವುದು ಆ ಸಂಖ್ಯೆಯನ್ನಲ್ಲ. ನೆಲ ಯಾರ ಹೆಸರಿನಲ್ಲಿ ಉಳಿಯುತ್ತದೆ? ಮೂವತ್ತು ವರ್ಷಗಳ ನಂತರ ಆ ಮನೆಗೆ ಯಾರು ಬರಬಹುದು? ಅಲ್ಲಿಂದ ಕೆಲಸಕ್ಕೆ ಹೋಗಲು ಬಸ್ ಇದೆಯೇ? ಅದೇ ಹೊತ್ತಿಗೆ ಅದೇ ನಗರ ಊರ ನಡುವಿನ ಸಾರ್ವಜನಿಕ ಜಾಗವನ್ನು ಹರಾಜಿಗೆ ಇಡುತ್ತಿದ್ದರೆ ಘೋಷಣೆಯನ್ನು ನಾನು ನಂಬುವುದಿಲ್ಲ. ಹರಾಜಿನ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದನ್ನು ಓದಿ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ನಾನು ಈವರೆಗೆ ಎರಡು ಸಲ ಸಲ್ಲಿಸಿದ್ದೇನೆ, ಮೂರನೆಯದನ್ನು ಈ ವಾರ ಬರೆಯುತ್ತಿದ್ದೇನೆ.