ಮೂಗಿನ ಸರ್ಜರಿಗೆ ಒಂದು ವಾರ ಸಾಕಾ?

"ಒಂದೇ ವಾರದಲ್ಲಿ ಆಫೀಸಿಗೆ ಹೋಗಬಹುದು" ಅನ್ನುವ, ಮೂಗಿನ ಆಕಾರ ತಿದ್ದುವ ಸರ್ಜರಿಯ ರೀಲ್ಸ್ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ವಾರಕ್ಕೆ ಆಗುವುದು ಇಷ್ಟೇ, ಆಕಾರ ಹಿಡಿದಿಡಲು ಮೂಗಿನ ಮೇಲೆ ಕೂರಿಸಿದ ಗಟ್ಟಿ ಪಟ್ಟಿ, ಅಂದರೆ ಸ್ಪ್ಲಿಂಟ್ ತೆಗೆಯುತ್ತಾರೆ. ಊತ ಪೂರ್ತಿ ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ತುದಿಯ ಚರ್ಮ ದಪ್ಪ ಇದ್ದವರಿಗೆ ಇನ್ನೂ ತಡ.

ನನ್ನ ಚಿಕ್ಕಮ್ಮನ ಮಗಳು ಮದುವೆ ಮಾತುಕತೆ ಶುರುವಾದ ಅವಸರದಲ್ಲಿ ಮಾಡಿಸಿಕೊಂಡು, ಜಯನಗರದ ನಮ್ಮ ಮನೆಯಲ್ಲೇ ಇದ್ದಳು. ಕಣ್ಣಿನ ಕೆಳಗೆ ನೀಲಿಗಟ್ಟಿ, ಆಮೇಲೆ ಹಳದಿಗೆ ತಿರುಗಿತು. ಮೂಗು ಕಟ್ಟಿಕೊಂಡು ರಾತ್ರಿಯೆಲ್ಲ ಬಾಯಲ್ಲೇ ಉಸಿರು, ತುಟಿ ಒಡೆದು ಹೋಗಿತ್ತು, ದಿಂಬಿನ ಮೇಲೆ ದಿಂಬು ಹಾಕಿ ಒರಗಿಯೇ ಮಲಗಬೇಕು. ಸಾರಿನ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಸಿಂಬಳ ಸೀಟುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ನಮ್ಮ ಬೆಂಗಳೂರಿನ ಧೂಳಲ್ಲಿ ಸೀನು ಬರದೇ ಇರುತ್ತಾ? ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು ಅಂತ ಅದನ್ನು ಹಣೆಗೆ ಟೇಪ್ ಹಾಕಿ ಅಂಟಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ದಿನಾ ಸ್ಕೂಟರ್ ಓಡಿಸುವವಳಿಗೆ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಮೂಗಿಗೆ ತಾಗುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ.

ಸ್ಪ್ಲಿಂಟ್ ತೆಗೆದ ದಿನ ಕನ್ನಡಿ ನೋಡಿ ಅತ್ತುಬಿಟ್ಟಳು. ಮೂಗಿನ ತುದಿ ಮೊದಲಿಗಿಂತ ದಪ್ಪ! ಅದು ಊತ, ಎಷ್ಟೋ ಜನಕ್ಕೆ ಹಾಗೇ ಆಗುತ್ತದೆ. ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ ಅಲ್ವಾ? ಆ ಗಾಬರಿಯಲ್ಲಿ ಇನ್ನೊಂದು ಸರ್ಜರಿಗೆ ಓಡಬೇಡಿ. ಒಳಗಿನ ಗಾಯ ಮಾಗಿ ಮೆತ್ತಗಾಗಲಿ ಅಂತ ಅದಕ್ಕೂ ಸಾಮಾನ್ಯವಾಗಿ ಒಂದು ವರ್ಷ ಕಾಯಿಸುತ್ತಾರೆ.

ಅಂದ ಚೆಂದ ಆಮೇಲೆ, ಮೂಗು ಮೊದಲು ಉಸಿರಾಡಲಿಕ್ಕೆ ಬೇಕು. ಸಣ್ಣ ಮಾಡುವ ಭರದಲ್ಲಿ ಮೆದುಮೂಳೆ ಜಾಸ್ತಿ ಕತ್ತರಿಸಿದರೆ ಒಳದಾರಿ ಕಿರಿದಾಗಿ, ಉಸಿರೆಳೆದಾಗ ಹೊಳ್ಳೆಯೇ ಒಳಕ್ಕೆ ಕುಸಿಯಬಹುದು. ಎರಡು ಹೊಳ್ಳೆಗಳ ನಡುವಿನ ಗೋಡೆಗೆ ತೂತು ಬಿದ್ದರೆ ಉಸಿರಾಡಿದಾಗ ಸಿಳ್ಳೆ ಸದ್ದು ಬರುವುದೂ ಉಂಟು. ರಕ್ತಸ್ರಾವ, ಸೋಂಕು, ತುದಿ ಮರಗಟ್ಟುವುದು ಇದ್ದೇ ಇವೆ. ಸಿಗರೇಟ್ ಸೇದುವವರ ಗಾಯ ಇನ್ನೂ ನಿಧಾನ.

ಮೂಗು ಅವಳದು, ತೀರ್ಮಾನವೂ ಅವಳದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ 2022ರ ಮೇ ತಿಂಗಳಲ್ಲಿ ಇದೇ ಊರಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ಕರಗಿಸುವ ಸರ್ಜರಿಗೆ ಹೋಗಿ ತೀರಿಕೊಂಡರು. ಕಾಸ್ಮೆಟಿಕ್ ಅಂದ ಮಾತ್ರಕ್ಕೆ ಸಣ್ಣ ಸರ್ಜರಿ ಅಲ್ಲ. ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನುವ ತಜ್ಞ ಪದವಿ ಮಾಡಿದ್ದಾರಾ, ಇಎನ್‌ಟಿಯವರಾದರೆ ಇದರಲ್ಲಿ ತರಬೇತಿ ಆಗಿದೆಯಾ, ಅರಿವಳಿಕೆ ಕೊಡಲು ಬೇರೆ ಡಾಕ್ಟರ್ ಇರುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಗೋಡೆ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ನೋಂದಣಿ ಸರ್ಟಿಫಿಕೇಟ್ ಇದೆಯಾ ನೋಡಿ. ಪಾರ್ಲರ್‌ನಲ್ಲಿ ಮೂಗಿಗೆ ಫಿಲ್ಲರ್, ಅಂದರೆ ಆಕಾರ ತುಂಬಿಸುವ ಇಂಜೆಕ್ಷನ್ ಚುಚ್ಚಿಸಿಕೊಳ್ಳಲೇಬೇಡಿ, ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು.

ಮನೆಗೆ ಬಂದ ಮೇಲೆ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ನೋವು ದಿನೇ ದಿನೇ ಏರಿದರೆ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿ ಫೋನ್ ಎತ್ತುವವರು ಯಾರು ಅಂತ ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ, ನಂಬರ್ ಬರೆದಿಟ್ಟುಕೊಳ್ಳಿ.