ಗಡ್ಡದ ಓತಿಗೆ ಜೋಡಿ ಬೇಕಾ?

ಹೋದ ಮೇ ತಿಂಗಳು ರಜೆಗೆ ಕಲಬುರಗಿಗೆ ಬಂದಿದ್ದೆ. ಹೊರಗೆ 43 ಡಿಗ್ರಿ ಬಿಸಿಲು. ಅಕ್ಕನ ಮನೆ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಒಂದು ಗಾಜಿನ ಪೆಟ್ಟಿಗೆ. ಅದರ ಸುತ್ತ ಮನೆಮಂದಿ ಎಲ್ಲ, ಜೊತೆಗೆ ಪಕ್ಕದ ಮನೆಯ ಮೂರು ಜನ. ಒಳಗಿದ್ದದ್ದು ಅಕ್ಕನ ಮಗ ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್. ಅವ್ವ ಅದನ್ನು ಗಡ್ಡದ ಓತಿಕ್ಯಾತ ಅಂತಾಳೆ. ಹುಡುಗ ಹಿಂದಿನ ದಿನ ಹೈದರಾಬಾದಿನಿಂದ ಇನ್ನೊಂದನ್ನು ತಂದಿದ್ದ. ಅವತ್ತು ಎರಡಕ್ಕೂ ಭೇಟಿ ಮಾಡಿಸುವ ಕಾರ್ಯಕ್ರಮ. ಸುಸಲಾ, ಮಿರ್ಚಿ, ಚಹಾ ಎಲ್ಲ ಆಗಿತ್ತು. ಥೇಟ್ ಹೆಣ್ಣು ನೋಡೋ ಶಾಸ್ತ್ರ.

ಹೊಸದನ್ನು ಒಳಗೆ ಬಿಟ್ಟ. ಹಳೆಯದರ ಗಂಟಲು ಉಬ್ಬಿತು. ನೋಡನೋಡುತ್ತಲೇ ಗಡ್ಡ ರೊಟ್ಟಿ ಹಂಚಿನ ತಳದಷ್ಟು ಕಪ್ಪಾಯಿತು. ತಲೆಯನ್ನು ಜೋರಾಗಿ ಮೇಲೆ ಕೆಳಗೆ ಕುಣಿಸಿತು. ಹೊಸದು ಮುಂಗಾಲೊಂದನ್ನು ಎತ್ತಿ, ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ ಕೆಳಗಿಟ್ಟಿತು. ಮತ್ತೆ ಎತ್ತಿತು.

“ನೋಡ್ರಿ, ಶರಣು ಮಾಡ್ಲಾಕತ್ತದ!” ಅಂದಳು ಅವ್ವ. ಎಲ್ಲರೂ ನಕ್ಕರು.

ಅವ್ವ ಹೇಳಿದ ಮಾತೇ ಸರಿ. ಆದರೆ ಅದು ನಾವು ಎದುರಾದವರಿಗೆ ಹೇಳುವ ಶರಣು ಅಲ್ಲ, ಶರಣಾಗತಿಯ ಶರಣು. ‘ನೀನೇ ದೊಡ್ಡವ, ನನ್ನ ಬಿಟ್ಟುಬಿಡು’ ಅನ್ನುವ ಸನ್ನೆ. ಕಪ್ಪು ಗಡ್ಡ ಅಂದರೆ ‘ಇದು ನನ್ನ ಜಾಗ, ನಡಿ ಆಚೆ’. ಇವು ಹೀಗೆ ಕೈ ಬೀಸುವ ವಿಡಿಯೋ ಒಂದನ್ನು ನೋಡಿ ಮುದ್ದು ಬಂದು, ನಾನೂ ಒಂದು ಕಾಲಕ್ಕೆ ಹತ್ತು ಜನಕ್ಕೆ ಕಳಿಸಿದ್ದೆ.

ನಾನು ಹನ್ನೊಂದು ವರ್ಷದಿಂದ ಸಿಡ್ನಿಯಲ್ಲಿದ್ದೇನೆ. ಈ ಪ್ರಾಣಿಯ ತವರು ಆಸ್ಟ್ರೇಲಿಯಾ. ಆದರೂ ಸಿಡ್ನಿಯಲ್ಲಿ ಇದನ್ನು ಮನೆಯಲ್ಲಿ ಸಾಕಬೇಕು ಅಂದರೆ ಲೈಸೆನ್ಸ್ ಬೇಕು. ಮೊದಲನೆಯದು ತಂದು ಆರು ತಿಂಗಳಿಗೆ, ‘ಪಾಪ, ಒಂದೇ ಐತಲ್ಲ’ ಅನಿಸಿ ಇನ್ನೊಂದನ್ನು ತಂದೆ. ಮಾರಿದವರು ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಪೆಟ್ಟಿಗೆ ಇದೆಯಾ? ಇದೆ ಅಂತ ಸುಳ್ಳು ಹೇಳಿದೆ. ಒಂದೆರಡು ವಾರ ಎಲ್ಲ ಚೆನ್ನಾಗೇ ಇತ್ತು. ದೀಪದ ಕೆಳಗೆ ಒಂದರ ಬೆನ್ನ ಮೇಲೆ ಒಂದು ಮಲಗುತ್ತಿದ್ದವು. ಎಷ್ಟು ಪ್ರೀತಿ ಅಂದುಕೊಂಡೆ. ಮೂರನೇ ವಾರ ಚಿಕ್ಕದರ ಬಾಲದ ತುದಿ ಇರಲಿಲ್ಲ. ಹಲ್ಲಿಯ ಬಾಲ ಮತ್ತೆ ಬೆಳೆಯುತ್ತದೆ, ಇದರದು ಬೆಳೆಯುವುದಿಲ್ಲ. ಮೇಲೆ ಹತ್ತಿ ಮಲಗಿದ್ದು ಪ್ರೀತಿಗಲ್ಲ, ಶಾಖ ಕಸಿಯುವುದಕ್ಕೆ. ಇವಕ್ಕೆ ಮೈಕಾಯಿಸುವ ಜಾಗ 38ರಿಂದ 42 ಡಿಗ್ರಿ ಇರಬೇಕು, ಜೊತೆಗೆ ಬಿಸಿಲಿನಲ್ಲಿರುವಂಥ ಯುವಿಬಿ ಕಿರಣದ ಬೆಳಕು ಬೇಕು. ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ, ಮೂಳೆ ಗಟ್ಟಿಯಾಗುವುದಿಲ್ಲ. ಮೇಲಿನದು ದೀಪವನ್ನು ಹಿಡಿದುಕೊಂಡಿತ್ತು, ಕೆಳಗಿನದು ದಿನಾ ಸೊರಗುತ್ತಿತ್ತು.

ಇಷ್ಟೆಲ್ಲ ಹೇಳಿ, ಹೊಸದನ್ನು ಹೊರಗೆ ತೆಗಿ ಅಂದೆ. ಹುಡುಗನ ಮುಖ ಸಣ್ಣದಾಯಿತು.

“ಮಾಮಾ, ಒಂದೇ ಇದ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನು?”

ನಮ್ಮ ಊರಿನ ಪ್ರಶ್ನೆ ಅಂದರೆ ಇದೇ. ಒಬ್ಬರೇ ಊಟ ಮಾಡುತ್ತಿದ್ದರೂ ನಮಗೆ ಕನಿಕರ. ಆಸ್ಪತ್ರೆಯಲ್ಲಿ ಒಬ್ಬ ಮಲಗಿದರೆ ಎಂಟು ಜನ ಕಾವಲು. ಬೆಳಿಗ್ಗೆ ತೆರೆದ ಬಾಗಿಲು ರಾತ್ರಿ ಮಲಗುವ ತನಕ ಹಾಕುವುದಿಲ್ಲ. ಸಿಡ್ನಿಯಲ್ಲಿ ನನ್ನ ಎದುರು ಮನೆಯವರ ಹೆಸರು ಗೊತ್ತಾಗಲು ಮೂರು ವರ್ಷ ಬೇಕಾಯಿತು, ಅದೂ ತಪ್ಪಿ ಬಂದ ಒಂದು ಪಾರ್ಸೆಲ್‌ನಿಂದ. ಮನುಷ್ಯರ ವಿಷಯಕ್ಕೆ ಬಂದರೆ ನಾನು ಇವತ್ತಿಗೂ ಕಲಬುರಗಿಯ ಪಕ್ಷ. ಆದರೆ ನಮ್ಮ ಕನಿಕರವನ್ನು ಓತಿಯ ಮೇಲೆ ಹಾಕಿದರೆ ಬಾಲ ಕಳೆದುಕೊಳ್ಳುವುದು ಅದೇ. ಸಿಡ್ನಿಯಲ್ಲೂ ಎಲ್ಲರೂ ಶಾಣ್ಯಾರೇನಲ್ಲ. ಬೆನ್ನ ಮೇಲೆ ಮಲಗಿದ ಫೋಟೋ ಹಾಕಿ ‘ಅಣ್ಣತಮ್ಮ’ ಅನ್ನುವವರು ಅಲ್ಲೂ ಇದ್ದಾರೆ.

ಒಮ್ಮೆ ಸಿಡ್ನಿಯಿಂದ ಬಲು ದೂರ, ಒಣ ಒಳನಾಡಿನ ಊರು ಬ್ರೋಕನ್ ಹಿಲ್ ಕಡೆ ಕಾರಿನಲ್ಲಿ ಹೋಗಿದ್ದೆ. ನಮ್ಮ ಸೇಡಂ ರಸ್ತೆಯಲ್ಲಿ ಕಾಣುವಂಥದೇ ಬಯಲು, ಮಣ್ಣು ಮಾತ್ರ ಕೆಂಪು. ಉದ್ದಕ್ಕೂ ತಂತಿ ಬೇಲಿ. ಅಲ್ಲೊಂದು ಇಲ್ಲೊಂದು ಕಂಬದ ತುದಿಯಲ್ಲಿ ಇವು ಬಿಸಿಲು ಕಾಯಿಸುತ್ತಾ ಕುಳಿತಿದ್ದವು. ಒಂದು ಕಂಬಕ್ಕೆ ಒಂದೇ. ಎರಡು ಕುಳಿತದ್ದು ಎಲ್ಲೂ ಕಾಣಲಿಲ್ಲ. ಓತಿಗೆ ಬೇಲಿ ಸಾಕ್ಷಿ ಅಂತ ನಮ್ಮವರು ಸುಮ್ನೆ ಹೇಳಿಲ್ಲ! ಅಂದಹಾಗೆ, ಊರ ಬೇಲಿಯ ಓತಿಕ್ಯಾತವೂ ಈ ಗಡ್ಡದ್ದೂ ಒಂದೇ ಕುಟುಂಬದವು. ನಮ್ಮದು ತಲೆ ಆಡಿಸಿದರೆ ಅಣಕಿಸುತ್ತದೆ ಅಂತ ಚಿಕ್ಕವರಿದ್ದಾಗ ಕಲ್ಲು ಹೊಡೆಯುತ್ತಿದ್ದೆವು. ಅದು ಪಾಪ ಇನ್ನೊಂದು ಗಂಡಿಗೆ ಹೇಳುತ್ತಿದ್ದದ್ದೂ ಇದನ್ನೇ, ಇದು ನನ್ನ ಜಾಗ ಅಂತ.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. ದಿನಾ ಹತ್ತು ನಿಮಿಷ ಬಿಟ್ಟರೆ ಹೊಂದಿಕೊಳ್ಳುತ್ತವಲ್ಲ ಅಂದ. ಇಲ್ಲ. ಎರಡೂ ಗಂಡಾದರೆ ಗುದ್ದಾಟ. ಗಂಡು ಹೆಣ್ಣಾದರೆ ಗಂಡು ಬಿಡುವುದಿಲ್ಲ. ಹೆಣ್ಣು ಮೇಲಿಂದ ಮೇಲೆ ಮೊಟ್ಟೆ ಇಟ್ಟು ಮೈಯ ಕ್ಯಾಲ್ಸಿಯಂ ಎಲ್ಲ ಬಸಿದುಹೋಗುತ್ತದೆ. ಎರಡೂ ಹೆಣ್ಣಾದರೆ ಗಲಾಟೆ ಕಮ್ಮಿ ಕಾಣಬಹುದು, ಆದರೆ ದೊಡ್ಡದೇ ಹುಳ ತಿನ್ನುತ್ತದೆ, ಚಿಕ್ಕದು ಮೂಲೆ ಹಿಡಿಯುತ್ತದೆ.

ಭೇಟಿ ಬಿಡು, ಹೊಸದನ್ನು ಅದೇ ಕೋಣೆಯಲ್ಲಿ ಇಡುವುದೇ ತಪ್ಪು. ಕಮ್ಮಿ ಅಂದರೂ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು, ಬೇರೆ ಕೋಣೆ, ಬೇರೆ ನೀರಿನ ಬಟ್ಟಲು. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಹಿಕ್ಕೆಯನ್ನು ಡಾಕ್ಟರರಿಗೆ ತೋರಿಸಬೇಕು. ಇವಕ್ಕೆ ಒಂದರಿಂದ ಒಂದಕ್ಕೆ ಅಂಟುವ ಅಡಿನೋ ವೈರಸ್ ಇದ್ದರೂ ಮೇಲೆ ಗಟ್ಟಿಮುಟ್ಟಾಗಿ ಕಾಣಬಹುದು. ಇದನ್ನು ಒಪ್ಪಿಸಲು ನನಗೆ ಕಷ್ಟವಾಗಲಿಲ್ಲ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚಿನಲ್ಲಿ ಆದದ್ದು ನಮ್ಮ ಕಲಬುರಗಿಯಲ್ಲೇ ಅಲ್ವಾ? ಕ್ವಾರಂಟೈನ್ ಅಂದರೆ ಏನು ಅಂತ ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. “ಮಹಡಿ ಮ್ಯಾಲಿನ ಖೋಲಿ ಖಾಲಿ ಅದ, ಅಲ್ಲಿಡು” ಅಂದಳು.

ಅವ್ವನದು ಬೇರೆ ಚಿಂತೆ. ಬಂದ ನೆಂಟನಿಗೆ ಪುಂಡಿಪಲ್ಯ ಹಾಕಬೇಕು ಅಂತ ಸೋಸಿಕೊಂಡು ಕುಳಿತಿದ್ದಳು. ಹುಳಿ ಸೊಪ್ಪು ಬೇಡವ್ವ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ, ನುಗ್ಗೆ ಸೊಪ್ಪು ಹಾಕು ಅಂದೆ. “ಪುಂಡಿಪಲ್ಯ ತಿನ್ನಲಾರದ್ದು ಕಲಬುರಗ್ಯಾಗ ಹೆಂಗ ಬದುಕ್ತದಪಾ?” ಅಂದಳು.

ನಾನು ವಾಪಸ್ ಬಂದು ನಾಲ್ಕು ತಿಂಗಳಾದ ಮೇಲೆ ಹುಡುಗ ವಿಡಿಯೋ ಕಾಲ್ ಮಾಡಿದ. ಎರಡೂ ಪೆಟ್ಟಿಗೆ ಈಗ ಪಡಸಾಲೆಯಲ್ಲೇ ಇವೆ, ಅಕ್ಕಪಕ್ಕ. ಗಾಜಿನಿಂದ ಒಂದನ್ನೊಂದು ನೋಡಿದರೂ ಗಡ್ಡ ಕಪ್ಪಾಗುತ್ತಿತ್ತಂತೆ. ಅದಕ್ಕೇ ಅವ್ವ ತನ್ನ ಹಳೇ ಇಳಕಲ್ ಸೀರೆ ಹರಿದು ನಡುವೆ ಪರದೆ ಕಟ್ಟಿದ್ದಾಳೆ. ಫೋನು ಅವಳ ಕಡೆ ತಿರುಗಿತು.

“ಇಬ್ರೂ ಆರಾಮ ಅದಾವ. ನಿಮ್ಮ ಎದುರು ಮನಿಯವ್ರು ಹೆಂಗದಾರ?”